ನೀರಿನಲ್ಲಿ ಹೇಳಿದ್ದು

ಮೂವತ್ತು ದಿನದ ಗಡ್ಡ ಹೋದ ಮೇಲೆ ಗುರ್ಜಿಯ ಕೆನ್ನೆಗೆ ಬೆಳಗಿನ ಗಾಳಿ ತಾಕಿತು, ತಾಕಿದ್ದು ಹಿತವಾಗಿತ್ತು, ಹಿತವಾಯಿತಲ್ಲ ಎಂದು ನಾಚಿಕೆಯಾಯಿತು. ಅಂಗಳದ ಕಂಬಕ್ಕೆ ಸಿಕ್ಕಿಸಿದ್ದ ಅಂಗೈಯಗಲದ ಕನ್ನಡಿಯಲ್ಲಿ ಮುಖದ ಕೆಳಗಿನ ಅರ್ಧ ಬಿಳಿಚಿಕೊಂಡು, ಮೇಲಿನ ಅರ್ಧಕ್ಕೆ ಸಂಬಂಧವೇ ಇಲ್ಲದ ಹಾಗೆ ಕಾಣುತ್ತಿತ್ತು. ತಮ್ಮ ನಾಜಿಯನ್ನು ಮಣ್ಣು ಮಾಡಿ ನಿನ್ನೆಗೆ ಮೂವತ್ತು ದಿನ. ಇನ್ನು ಕ್ಷೌರ ಮಾಡಿಕೊಳ್ಳಬಹುದು, ಒಗೆದ ಅಂಗಿ ಹಾಕಬಹುದು, ಮದುವೆಮನೆಯ ಮುಂದೆ ತಲೆ ಎತ್ತಿ ಹಾದುಹೋಗಬಹುದು. ಯೆಹೂದ್ಯರ ಶಾಸ್ತ್ರ ದುಃಖಕ್ಕೂ ಅಳತೆ ಇಟ್ಟಿದೆ: ಏಳು ದಿನ ನೆಲದ ಮೇಲೆ, ಮೂವತ್ತು ದಿನ ಗಡ್ಡದೊಳಗೆ, ಆಮೇಲೆ ಎದ್ದು ಹೊರಡು. ಬಟ್ಟಲಿನ ನೀರನ್ನು ಮುಖಕ್ಕೆ ಎರಚಿಕೊಳ್ಳಲು ಹೋದ ಕೈ ನಡುವೆಯೇ ನಿಂತಿತು. ಟವೆಲಿನ ತುದಿಯನ್ನು ಅದ್ದಿ ಸೋಪಿನ ನೊರೆ ಒರೆಸಿಕೊಂಡ. ಈಚೆಗೆ ಹಾಗೆಯೇ. ಮುಖದ ಮೇಲೆ ನೀರು ಬೀಳುವುದು ಬೇಡ.

ಎದುರು ಜಗಲಿಯಲ್ಲಿ ಅವನ ತಾಯಿ ಖಾತೂನ್ ಕರಿಯ ಮುಸುಕು ಹೊದ್ದು, ಕಾಲಿಗೆ ಮೆಟ್ಟು ಹಾಕಿಕೊಂಡು, ನಸುಕಿನಿಂದಲೇ ಸಿದ್ಧಳಾಗಿ ಕೂತಿದ್ದಳು. ಕತ್ತಿ ಕೆನ್ನೆಯ ಮೇಲೆ ಹರಿದಾಡುವಾಗೆಲ್ಲ ಅವಳ ನೋಟ ಕತ್ತಿಗಿಂತ ಹತ್ತಿರದಲ್ಲಿತ್ತು.

"ಆಯ್ತಾ?"

"ಆಯ್ತು."

"ಇವತ್ತು ಗುರುವಾರ. ಸಭಾಮಂದಿರದಲ್ಲಿ ಧರ್ಮಗ್ರಂಥದ ಸುರುಳಿ ತೆಗೀತಾರೆ. ಹೇಳಿಬಿಡು, ಮಗಾ."

"ನೋಡೋಣ ಅಮ್ಮ."

"ನೋಡೋಕೇನಿದೆ ಅದ್ರಲ್ಲಿ? ನದಿಯಿಂದ ಎದ್ದು ಬಂದೋನು ನೀನು. ನಿನ್ನ ಜೊತೆ ಬದುಕಿ ಬಂದ ಆ ಮುರಾದ್ ಮೊದಲನೇ ಶನಿವಾರವೇ ಹೇಳ್ದ, ಆಮೇಲೆ ಬೀದಿಗೆಲ್ಲ ಬಾದಾಮಿ ಮಿಠಾಯಿ ಹಂಚ್ದ. ನಿನ್ನ ನಾಲಿಗೆಗೇನು ಬಂದಿದೆ ರೋಗ?"

ಹೆಂಡತಿ ತುಫ್ಫಾಹಾ ಚಹದ ಪುಟ್ಟ ಲೋಟ ಹಿಡಿದು ನಡುವೆ ಬಂದಳು. "ಅತ್ತೆ, ಚಾ ಕುಡೀಲಿ, ಆಮೇಲೆ ಬೈಯಿರಿ. ಖಾಲಿ ಹೊಟ್ಟೇಲಿ ಬೈಗುಳ ಅರಗಲ್ಲ."

ಯಾರೂ ನಗಲಿಲ್ಲ. ಗುರ್ಜಿ ಚಹ ಕುಡಿದ. ನದಿಯಿಂದ, ಮರುಭೂಮಿಯಿಂದ, ಸೆರೆಮನೆಯಿಂದ, ಹಾಸಿಗೆ ಹಿಡಿಸಿದ ಕಾಯಿಲೆಯಿಂದ ಜೀವ ಉಳಿಸಿಕೊಂಡು ಬಂದವನು ಹತ್ತು ಗಂಡಸರ ಮುಂದೆ ನಿಂತು ದೇವರಿಗೆ ಸ್ತೋತ್ರ ಹೇಳಬೇಕು. ಒಂದೇ ಸಾಲು. ತಪ್ಪಿತಸ್ಥರಿಗೂ ಒಳ್ಳೆಯದನ್ನು ಮಾಡುವವನೇ, ನನಗೆ ಎಲ್ಲ ಒಳ್ಳೆಯದನ್ನೂ ಮಾಡಿದವನೇ, ನಿನಗೆ ಸ್ತೋತ್ರ. ಏಳು ದಿನ ಕಳೆದು ಎಂಟನೆಯ ದಿನ ಅವನು ನೆಲದಿಂದ ಎದ್ದಾಗಲೇ ತಾಯಿ ಶುರು ಮಾಡಿದ್ದಳು: ಯಾವಾಗ ಹೇಳ್ತಿ? ಅವನು ಮೂವತ್ತು ಮುಗಿಯಲಿ ಎಂದಿದ್ದ. ಮೂವತ್ತು ಮುಗಿಯಿತು. ತಾಯಿ ತನ್ನನ್ನು ಚುಚ್ಚುವುದಕ್ಕೇ ಕೇಳುತ್ತಿದ್ದಾಳೆ ಎಂದು ಅವನಿಗೆ ಖಾತರಿಯಾಗಿತ್ತು. ನೀನು ಎದ್ದು ಬಂದೆ, ಅವನು ಬರಲಿಲ್ಲ ಎಂಬುದನ್ನು ಅವಳು ಬೇರೆ ಹೇಗೆ ತಾನೇ ಹೇಳಿಯಾಳು?

ಓಣಿಯಲ್ಲಿ ಅವಳು ಎರಡು ಹೆಜ್ಜೆ ಹಿಂದೆ, ಅವನು ಮುಂದೆ. ತಿರುವಿನಲ್ಲಿ ನದಿಯ ಒಂದು ತುಣುಕು ಕಾಣುತ್ತದೆ. ಅವನು ಈಗ ಅಲ್ಲಿ ಗೋಡೆಯ ಕಡೆ ಮುಖ ಮಾಡಿ ನಡೆಯುತ್ತಾನೆ. ಬಗ್ದಾದಿನಲ್ಲಿ ನದಿ ಕಾಣದ ಹಾಗೆ ಬದುಕುವುದು ಕಷ್ಟ, ಆದರೂ ಒಂದು ತಿಂಗಳು ಬದುಕಿದ್ದ. ಪ್ರವಾಹ ಇಳಿದಿದೆ ಎಂದು ಜನ ಹೇಳುವುದು ಕಿವಿಗೆ ಬಿದ್ದಿತ್ತು. ಆವತ್ತು ಇಳಿದಿರಲಿಲ್ಲ. ನಾಜಿಗೆ ಹೆಣ್ಣು ಗೊತ್ತಾಗಿತ್ತು, ಒಳ್ಳೆಯ ಮನೆತನ. ಹೆಣ್ಣಿನ ಕಡೆಯವರು ಹೂಂ ಅಂದ ಮಾರನೆಯ ದಿನವೇ ಖಾತೂನ್ ಒಂದು ಸೀಸೆ ಎಣ್ಣೆ ಕೊಟ್ಟು, ಹೋಗಿ ಆಚೆ ದಡದಲ್ಲಿ ಮಹಾಯಾಜಕನ ಸಮಾಧಿಗೆ ದೀಪ ಹಚ್ಚಿ ಬನ್ನಿ, ಅಣ್ಣ ತಮ್ಮ ಇಬ್ಬರೂ ಹೋಗಿ, ದೇವರು ಕೊಟ್ಟಾಗ ಕೈ ಮುಗಿಯಬೇಕು ಎಂದು ಕಳಿಸಿದ್ದಳು. ನೀರು ಏರಿದ್ದರಿಂದ ದೋಣಿಗಳ ಸೇತುವೆಯನ್ನು ನಡುವೆ ಬಿಚ್ಚಿಟ್ಟಿದ್ದರು. ಹರಿಗೋಲಿನಲ್ಲೇ ದಾಟಬೇಕಿತ್ತು. ಅಂಬಿಗ, ಜವಳಿಯ ಗಂಟಿನೊಂದಿಗೆ ಮುರಾದ್, ಇವರಿಬ್ಬರು. ನಾಜಿ ಎಣ್ಣೆಯ ಸೀಸೆಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಹೆಣ್ಣಿನ ಅಪ್ಪನ ಗೊಗ್ಗರು ದನಿಯನ್ನು ಅನುಕರಿಸಿ ಅಂಬಿಗನನ್ನು ನಗಿಸುತ್ತಿದ್ದ. ಹರಿಗೋಲು ಬುಗುರಿಯ ಹಾಗೆ ಒಂದು ಸುತ್ತು ಸುತ್ತಿತು, ಎರಡು ಸುತ್ತಿತು. ಆಮೇಲೆ ಯಾರ ಮಾತನ್ನೂ ಕೇಳದೆ ಬಿಚ್ಚಿಟ್ಟ ಸೇತುವೆಯ ದೋಣಿಗಳ ಕಡೆ ಹೋಗಿ ಬಡಿಯಿತು. ಅಂಬಿಗ ಕುಡಿದಿರಲಿಲ್ಲ. ಭಾರ ಹೆಚ್ಚಿರಲಿಲ್ಲ. ಯಾರೂ ಎದ್ದು ನಿಂತಿರಲಿಲ್ಲ. ತಪ್ಪು ಹುಡುಕಿದರೆ ಒಂದೂ ಸಿಗುತ್ತಿರಲಿಲ್ಲ. ಒಂದಾದರೂ ಸಿಕ್ಕಿದ್ದರೆ ಅದನ್ನು ಹಿಡಿದುಕೊಂಡಾದರೂ ಕೂರಬಹುದಿತ್ತು.

ಸಭಾಮಂದಿರದ ಬಾಗಿಲಲ್ಲಿ ಮುರಾದ್ ಅವನನ್ನು ಅಪ್ಪಿಕೊಂಡ. ದಪ್ಪನೆಯ ಮನುಷ್ಯ, ಮೈಯೆಲ್ಲ ಹೊಸ ಬಟ್ಟೆಯ ಗಂಜಿಯ ವಾಸನೆ. "ಬಂದ್ಯಾ ನನ್ನ ಜೊತೆಗಾರ! ಒಂದೇ ನೀರು ಕುಡಿದೋರು ನಾವು, ಒಡಹುಟ್ಟಿದೋರಿಗಿಂತ ಹೆಚ್ಚು." ಅಂದವನು ಅಂದ ಮೇಲೆ ತಡವರಿಸಿ, ಗುರ್ಜಿಯ ಬೆನ್ನನ್ನು ಎರಡು ಸಲ ತಟ್ಟಿ, ಮೂರನೆಯ ಸಲ ತಟ್ಟಬೇಕೋ ಬೇಡವೋ ಎಂದು ಕೈಯನ್ನು ಗಾಳಿಯಲ್ಲೇ ನಿಲ್ಲಿಸಿದ. ಗುರ್ಜಿಗೆ ಅವನ ಮೇಲೆ ಸಿಟ್ಟು ಬರಲಿಲ್ಲ, ಹೊಟ್ಟೆಕಿಚ್ಚಾಯಿತು. ಮುರಾದ್ ಕಳೆದುಕೊಂಡಿದ್ದು ಒಂದು ಗಂಟು ಬಟ್ಟೆ. ಅವನ ಸ್ತೋತ್ರ ಒಗೆದು ಹಿಂಡಿ ಒಣಗಿಸಿದ ಅಂಗಿಯ ಹಾಗೆ ಶುಭ್ರ.

ತಾಯಿ ಮೆಟ್ಟಿಲು ಹತ್ತಿ ಹೆಂಗಸರ ಮಾಳಿಗೆಗೆ ಹೋದಳು. ಪ್ರಾರ್ಥನೆ ಸಾಗಿತು. ಸತ್ತವನಿಗಾಗಿ ಉಳಿದವನು ಎದ್ದು ನಿಂತು ಹೇಳುವ ಮಾತುಗಳನ್ನು ಗುರ್ಜಿ ಎಂದಿನಂತೆ ಹೇಳಿದ. ಅದರಲ್ಲೂ ಸಾವಿನ ಹೆಸರಿಲ್ಲ, ಬರೀ ದೇವರ ದೊಡ್ಡತನ. ಅದನ್ನು ಹೇಳಲು ಕಷ್ಟವಾಗುತ್ತಿರಲಿಲ್ಲ. ಅದು ನಾಜಿಯ ಪಾಲಿನ ಕೆಲಸ. ಆಮೇಲೆ ಬೆಳ್ಳಿ ಕವಚದ ಸುರುಳಿಯನ್ನು ಹೊರಗೆ ತಂದು ನಡುಕಟ್ಟೆಯ ಮೇಲೆ ನಿಲ್ಲಿಸಿ, ಓದಿಗೆ ಮೂರನೆಯವನಾಗಿ ಅವನ ಹೆಸರು ಕೂಗಿದರು. ಹತ್ತಿದ. ಓದು ಮುಗಿಯಿತು. ಪಾರುಪತ್ಯಗಾರ ಸಾಲಿಹ್, ಎಣ್ಣೆಯಿಂದ ಹಿಡಿದು ಹೆಣದವರೆಗೆ ಸಭಾಮಂದಿರದ ಎಲ್ಲವನ್ನೂ ನೋಡಿಕೊಳ್ಳುವವನು, ಹುಬ್ಬು ಹಾರಿಸಿ ಸನ್ನೆ ಮಾಡಿದ: ಈಗ ಹೇಳು. ತೆರೆದ ಮಾಡಿನಿಂದ ಬಿಸಿಲು ನೇರವಾಗಿ ತಲೆಯ ಮೇಲೆ ಬೀಳುತ್ತಿತ್ತು. ನೆಲದ ಚಾಪೆಗಳ ಮೇಲೆ ಕೂತವರೆಲ್ಲ ಮುಖ ಎತ್ತಿದ್ದರು. ಉತ್ತರದ ಸಾಲನ್ನು ಬಾಯಲ್ಲಿ ಸಿದ್ಧಮಾಡಿಕೊಂಡು ಕಾಯುತ್ತಿದ್ದರು. ಗುರ್ಜಿ ಬಾಯಿ ತೆರೆದ. ತೆರೆದ ಬಾಯಿಗೆ ನೀರಿನ ರುಚಿ ಬಂತು, ಮಣ್ಣಿನದು, ಕಬ್ಬಿಣದ ಸರಪಳಿಯದು.

ಯಾಕೆಂದರೆ ಅವನು ಅದನ್ನು ಆಗಲೇ ಹೇಳಿದ್ದ. ಇದು ಯಾರಿಗೂ ಗೊತ್ತಿರಲಿಲ್ಲ. ನೀರು ಅವನನ್ನು ಎರಡು ಸಲ ಒಳಗೆ ಎಳೆದು, ಮೂರನೆಯ ಸಲ ಸೇತುವೆಯ ದೋಣಿಯ ಸರಪಳಿಗೆ ತಂದು ಎಸೆದಿತ್ತು. ಬೆರಳುಗಳು ಸರಪಳಿಯೊಳಗೆ ಹೊಕ್ಕವು. ಗಾಳಿ ಎದೆಗೆ ನುಗ್ಗಿತು. ಆ ಗಳಿಗೆಯಲ್ಲಿ ಅವನು ಕೂಗಿದ್ದ: ನಿನಗೆ ಸ್ತೋತ್ರ, ಅಪ್ಪಾ, ನಿನಗೆ ಸ್ತೋತ್ರ! ಪವಿತ್ರ ಭಾಷೆಯಾದ ಹೀಬ್ರೂವಿನಲ್ಲಲ್ಲ, ಮನೆಮಾತಿನಲ್ಲಿ, ತಾಯಿ ಹಾಲು ಕೊಟ್ಟಾಗ ಮಗು ಕೇಕೆ ಹಾಕುವಂತೆ. ಮೂವತ್ತೆಂಟು ವರ್ಷ ದಿನಕ್ಕೆ ಮೂರು ಸಲ ತುಟಿ ಆಡಿಸಿದವನು ಅದೊಂದು ಸಲ ಮಾತ್ರ ಮೈಯೆಲ್ಲ ಬಾಯಾಗಿ ಪ್ರಾರ್ಥಿಸಿದ್ದ. ದೇವರು ಇದ್ದಾನೆ, ಇಲ್ಲೇ ಇದ್ದಾನೆ, ನನ್ನನ್ನು ಬಲ್ಲ ಎಂದು ಅಷ್ಟು ಸ್ಪಷ್ಟವಾಗಿ ಹಿಂದೆಂದೂ ಅನ್ನಿಸಿರಲಿಲ್ಲ. ಎಷ್ಟು ಹೊತ್ತು? ನಾಲ್ಕು ಉಸಿರು, ಐದು ಉಸಿರು. ಆ ಐದು ಉಸಿರಿನಲ್ಲಿ ನಾಜಿ ಎಂಬವನು ಒಬ್ಬ ಇದ್ದಾನೆ ಎಂಬುದೇ ಅವನಿಗೆ ನೆನಪಿರಲಿಲ್ಲ. ಆಮೇಲೆ ತಿರುಗಿ ನೋಡಿದ. ನೀರು ಇತ್ತು, ಮುರಾದ್ ಗಂಟನ್ನು ಬಿಟ್ಟು ಅಂಬಿಗನ ಸೊಂಟ ಹಿಡಿದಿದ್ದ, ಅಷ್ಟೇ ಇತ್ತು.

"ಹೇಳಪ್ಪಾ," ಸಾಲಿಹ್ ಪಿಸುಗುಟ್ಟಿದ. "ಮರೆತಿದ್ರೆ ನಾನು ಹೇಳಿಕೊಡ್ತೀನಿ."

ಗುರ್ಜಿ ಬಾಯಿ ಮುಚ್ಚಿ ಕೆಳಗಿಳಿದ. ಇಳಿಯುವಾಗ ಕಟ್ಟೆಯ ಅಂಚಿಗೆ ಮೆಟ್ಟು ತಗುಲಿ ಮುಗ್ಗರಿಸಿದ, ಯಾರೋ ರಟ್ಟೆ ಹಿಡಿದರು. ಹಿಂದಿನಿಂದ ಸಾಲಿಹ್‌ನ ದನಿ ಎಲ್ಲರಿಗೂ ಕೇಳುವಂತೆ ಬಂತು: "ಏನಯ್ಯಾ, ಬದುಕಿದ್ದು ರುಚಿಸಲಿಲ್ವಾ ನಿಂಗೆ?" ಒಬ್ಬಿಬ್ಬರು ನಕ್ಕರು, ನಕ್ಕದ್ದಕ್ಕೆ ಕೆಮ್ಮಿದರು. ಮೇಲಿನ ಮಾಳಿಗೆಯ ಕಡೆ ಅವನು ನೋಡಲಿಲ್ಲ.

ಪುಸ್ತಕದ ಬಜಾರಿನಲ್ಲಿ ಅವನದು ಒಂದು ಗೂಡಿನಂಥ ಅಂಗಡಿ. ಹಾಳೆಗಳನ್ನು ಮಡಿಸಿ, ಹೊಲಿದು, ರಟ್ಟು ಕಟ್ಟುವುದು ಅಪ್ಪನಿಂದ ಬಂದ ಕೆಲಸ. ನಾಜಿ ಅಂಟು ಕಾಯಿಸುವುದು, ಬೆನ್ನಿಗೆ ಚರ್ಮ ಎಳೆಯುವುದು ಮಾಡುತ್ತಿದ್ದ. ಅಂಟು ಕಾಯಿಸುವ ಪಾತ್ರೆ ಒಂದು ತಿಂಗಳಿನಿಂದ ತೊಳೆಯದೆ ಬಿದ್ದಿತ್ತು, ತಳದಲ್ಲಿ ಅಂಟು ಒಣಗಿ ಸೀಳು ಬಿಟ್ಟಿತ್ತು. ಅದನ್ನು ಮುಟ್ಟದೆ ಹೊಲಿಯುವ ಕೆಲಸವನ್ನಷ್ಟೇ ಎತ್ತಿಕೊಂಡ. ಪ್ರವಾದಿಗಳ ಪುಸ್ತಕ, ಅರ್ಧ ಹೊಲಿದು ನಿಲ್ಲಿಸಿದ್ದು. ಸೂಜಿಗೆ ದಾರ ಪೋಣಿಸಿ ಬಿಟ್ಟಲ್ಲಿಂದ ಹೊಲಿಯತೊಡಗಿದ. ಕೆಲಸದಲ್ಲಿ ಓದುವ ಅಭ್ಯಾಸ ಅವನಿಗಿಲ್ಲ. ಪುಟದ ಸಂಖ್ಯೆ ನೋಡುವವನು, ಸಾಲು ನೋಡುವವನಲ್ಲ. ನಾಜಿ ಓದುತ್ತಿದ್ದ, ಜೋರಾಗಿ, ಪ್ರವಾದಿಯ ಮಾತನ್ನು ಬಜಾರಿನ ಚಹದವನ ಧಾಟಿಯಲ್ಲಿ ಹೇಳುತ್ತಿದ್ದ, ಇವನು ಬೈಯುತ್ತಿದ್ದ. ಈಗ ಬಜಾರಿನ ಗದ್ದಲವೆಲ್ಲ ಇದ್ದೂ ಅಂಗಡಿಯಲ್ಲಿ ಸದ್ದಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹಾಖಾಮ್ ಶಿಮೋನ್ ಬಂದರು. ಅವರ ಬೀದಿಯ ಧರ್ಮಗುರು, ಎಪ್ಪತ್ತರ ಮುದುಕರು, ಹಲ್ಲುನೋವಿಗೆ ಕೆನ್ನೆಯಲ್ಲಿ ಲವಂಗ ಒತ್ತಿಕೊಂಡಿದ್ದರಿಂದ ಮಾತೆಲ್ಲ ಒಂದು ಪಕ್ಕದಿಂದ ಬರುತ್ತಿತ್ತು. ಬೆಳಗಿನ ವಿಷಯ ಎತ್ತಲಿಕ್ಕೇ ಬಂದಿದ್ದಾರೆಂದು ಗುರ್ಜಿಗೆ ಗೊತ್ತಾಯಿತು, ಆದರೆ ಅವರು ಸ್ಟೂಲಿನ ಮೇಲೆ ಕೂತು ಹಲ್ಲಿನ ವಿಷಯವನ್ನೇ ಹೇಳಿದರು. "ಕೆಟ್ಟದ್ದಕ್ಕೂ ಒಳ್ಳೇದಕ್ಕೆ ಹೇಳೋ ಹಾಗೇ ಸ್ತೋತ್ರ ಹೇಳ್ಬೇಕು ಅಂತ ಮಕ್ಕಳಿಗೆ ನಲವತ್ತು ವರ್ಷ ಪಾಠ ಹೇಳ್ದೆ, ಗುರ್ಜಿ. ನಿನ್ನೆ ರಾತ್ರಿ ಈ ಹಲ್ಲಿಗೆ ಹೇಳಿ ನೋಡ್ದೆ. ಬಾಯಿಗೆ ಬಂದದ್ದೇ ಬೇರೆ."

ಗುರ್ಜಿ ಸೂಜಿಯನ್ನು ಹಾಳೆಯಲ್ಲಿ ಸಿಕ್ಕಿಸಿ ಕೇಳಿದ: "ಹಾಖಾಮರೇ, ಒಬ್ಬನಿಗೆ ಒಳ್ಳೇದೂ ಕೆಟ್ಟದ್ದೂ ಒಂದೇ ಗಳಿಗೇಲಿ ಬಂದ್ರೆ?"

"ಎರಡೂ ಹೇಳ್ಬೇಕು. ಅಪ್ಪ ಸತ್ತು ಮನೆ ಕೈಗೆ ಬಂತು ಅನ್ನು, ಎರಡೂ ಹೇಳು ಅಂದಿದ್ದಾರೆ ಹಿರಿಯರು."

"ಯಾವುದು ಮೊದಲು?"

"ಸಾವಿಂದು ಮೊದಲು. ನ್ಯಾಯವಂತನಾದ ನ್ಯಾಯಾಧೀಶನೇ ಅಂತ ಅದನ್ನ ಹೇಳಿ, ಆಮೇಲೆ ಬದುಕಿಸಿದೋನೇ ಅಂತ ಇದನ್ನ."

"ತಿರುವುಮುರುವು ಆದ್ರೆ?"

ಮುದುಕರು ಲವಂಗವನ್ನು ನಾಲಿಗೆಯಿಂದ ಪಕ್ಕಕ್ಕೆ ಸರಿಸಿದರು. "ಯಾಕೆ ಕೇಳ್ತಿ?"

"ಸುಮ್ಮನೆ."

ಸುಮ್ಮನೆ ಅಂದದ್ದನ್ನು ಅವರು ನಂಬಲಿಲ್ಲ, ಕೆದಕಲೂ ಇಲ್ಲ. ಅವನ ತೊಡೆಯ ಮೇಲಿದ್ದ ಹೊಲಿಗೆಯ ಕಡೆ ಬಾಗಿ ಕೆಲವು ಹಾಳೆ ಮಗುಚಿದರು, ಮೂಗು ತಾಗುವಷ್ಟು ಹತ್ತಿರ ಹಿಡಿದು ಹುಡುಕಿ, ಒಂದು ಕಡೆ ಉಗುರು ಇಟ್ಟರು. "ಯೆರೆಮೀಯ ಪ್ರವಾದಿ. ಓದು. ಕಾಣಿಸುತ್ತಲ್ಲ ನಿಂಗೆ?" ಗುರ್ಜಿ ನಿಧಾನವಾಗಿ ಓದಿದ. ದೇವರನ್ನು ಹಾಡಿರಿ, ಅವನು ಬಡವನ ಪ್ರಾಣವನ್ನು ಕೇಡಿಗರ ಕೈಯಿಂದ ಬಿಡಿಸಿದ್ದಾನೆ. ಅದರ ಕೆಳಗಿನ ಸಾಲು: ನಾನು ಹುಟ್ಟಿದ ದಿನ ಹಾಳಾಗಲಿ. ಅವನು ಮತ್ತೆ ಓದಿದ. ನಡುವೆ ಪುಟ ಬಿಟ್ಟು ಹೋಗಿದೆಯೇನೋ ಎಂದು ಕಸುಬಿನ ಕಣ್ಣು ಸಂಖ್ಯೆಯನ್ನು ನೋಡಿತು. ಬಿಟ್ಟುಹೋಗಿರಲಿಲ್ಲ. ಮೇಲಿನದು ಹಾಡು, ಕೆಳಗಿನದು ಶಾಪ, ನಡುವೆ ಒಂದು ದಾರದಷ್ಟು ಬಿಳಿ.

"ನಡುವೆ ಏನಾಯ್ತು?"

"ಏನೂ ಆಗ್ಲಿಲ್ಲ. ಅದೇ ಮನುಷ್ಯ, ಅದೇ ಬಾಯಿ." ಹಾಖಾಮ್ ಶಿಮೋನ್ ಎದ್ದು ನಿಂತು ಬೆನ್ನು ನೆಟ್ಟಗೆ ಮಾಡಿಕೊಂಡರು. "ಅವನದೂ ತಿರುವುಮುರುವೇ. ಮೊದಲು ಯಾವುದು ಅಂತ ಅವನಿಗೆ ನನ್ನಂಥೋರು ಯಾರೂ ಪಾಠ ಹೇಳಿರಲಿಲ್ಲ ಅಂತ ಕಾಣುತ್ತೆ. ಬರ್ತೀನಪ್ಪಾ. ನಿನ್ನ ತಾಯಿ ಬೆಳಿಗ್ಗೆ ಅಲ್ಲೇ ಕೂತಿದ್ರು, ಎಲ್ರೂ ಎದ್ದು ಹೋದಮೇಲೂ. ಮನೆಗೆ ಹೋಗು."

ಅವರ ಮಾತಿನಿಂದ ಅವನಿಗೆ ನೆಮ್ಮದಿಯೇನೂ ಆಗಲಿಲ್ಲ. ಪ್ರವಾದಿ ಶಾಪ ಹಾಕಿದ್ದು ತನ್ನ ಹುಟ್ಟನ್ನು. ತಮ್ಮ ಮುಳುಗುತ್ತಿರುವಾಗ ಅವನು ಹಾಡಿರಲಿಲ್ಲ. ಆದರೂ ಆ ಎರಡು ಸಾಲುಗಳ ಮೇಲೆ ಬೆರಳು ಸ್ವಲ್ಪ ಹೊತ್ತು ಇದ್ದೇ ಇತ್ತು. ನಾಜಿ ಇದ್ದಿದ್ದರೆ ಇದನ್ನು ಹೇಗೆ ಓದುತ್ತಿದ್ದ? ಮೊದಲನೆಯದನ್ನು ಚಹದವನ ದನಿಯಲ್ಲಿ, ಎರಡನೆಯದನ್ನು ಚಹ ಕುಡಿದು ಕಾಸು ಕೊಡದವನ ದನಿಯಲ್ಲಿ. ನಗು ಬಂದು ಅರ್ಧದಲ್ಲಿ ಬೇರೆ ಏನೋ ಆಯಿತು. ಪಕ್ಕದ ಅಂಗಡಿಯವನು ಇಣುಕಿ ನೋಡಿದ. ಗುರ್ಜಿ ಬಾಗಿಲು ಎಳೆದುಕೊಂಡು ಹೊರಟ.

ಮನೆಯಲ್ಲಿ ತುಫ್ಫಾಹಾ ಇರಲಿಲ್ಲ, ಪಕ್ಕದ ಮನೆಯ ಬಾಣಂತಿಯನ್ನು ನೋಡಲು ಹೋಗಿದ್ದಳು. ಖಾತೂನ್ ಅಂಗಳದ ನೆರಳಿನಲ್ಲಿ ಕೂತು ಗುರುವಾರದ ಕಿಚಡಿಗೆ ಕೆಂಪು ಬೇಳೆ ಆರಿಸುತ್ತಿದ್ದಳು. ಮುಸುಕನ್ನು ತೆಗೆದಿರಲಿಲ್ಲ, ಮೆಟ್ಟನ್ನೂ ತೆಗೆದಿರಲಿಲ್ಲ. ಬೆಳಗ್ಗೆ ಹೊರಟವಳು ಇನ್ನೂ ಎಲ್ಲಿಗೂ ತಲುಪಿಲ್ಲವೆಂಬಂತೆ.

"ಉಂಡ್ಯಾ?" ಎಂದಳು, ತಲೆ ಎತ್ತದೆ.

"ಹಸಿವಿಲ್ಲ."

"ಊರ ಮುಂದೆ ನಗೆಪಾಟಲು ಮಾಡಿದ ಮೇಲೆ ಹಸಿವು ಎಲ್ಲಿಂದ ಬರ್ಬೇಕು?"

ಅವನೊಳಗೆ ಒಂದು ತಿಂಗಳಿನಿಂದ ಬಿಗಿದಿದ್ದದ್ದು ಅಷ್ಟಕ್ಕೇ ಕಿತ್ತುಬಂತು. "ಸಾಕು ಮಾಡಮ್ಮ! ಎಂಟನೇ ದಿನದಿಂದ ಹೇಳು ಹೇಳು ಅಂತ ಕುಕ್ತಿದೀಯ. ಮಗನ್ನ ಮಣ್ಣು ಮಾಡಿದೋಳಾ ನೀನು? ಒಬ್ಬ ಸತ್ತಿದಾನೆ, ಇನ್ನೊಬ್ಬ ಮಿಠಾಯಿ ಹಂಚ್ಬೇಕಾ? ಹೇಳ್ಬೇಕು ಅಂತಿದ್ರೆ ನೀನೇ ಹೇಳು. ನಿನ್ನ ಮಗ ಬದುಕಿದಾನಲ್ಲ, ನೀನು ಹೇಳು ಸ್ತೋತ್ರ!"

ಬೇಳೆಯ ಮೇಲೆ ಓಡಾಡುತ್ತಿದ್ದ ಬೆರಳು ನಿಂತಿತು. ಮಾಡಿನ ಅಂಚಿನಲ್ಲಿ ಪಾರಿವಾಳವೊಂದು ಗುಟುರು ಹಾಕುತ್ತಿತ್ತು.

"ನನ್ನ ಕೈಲಿ ಆಗಲ್ಲ," ಎಂದಳು. "ಅದಕ್ಕೇ ನಿನ್ನ ಕೇಳ್ತಿರೋದು."

"ಏನು ಆಗಲ್ಲ?"

"ಕೂತ್ಕೋ."

ಅವನು ಕೂರಲಿಲ್ಲ. ಅವಳು ಬೇಳೆಯ ತಟ್ಟೆಯನ್ನು ನೋಡುತ್ತಲೇ ಹೇಳಿದಳು. "ಆವತ್ತು ಹಮಾಲಿ ಅಬ್ಬಾಸ್ ಓಡಿ ಬಂದ. ಈ ಬಾಗಿಲಲ್ಲೇ ನಿಂತು ಕೂಗ್ದ. ಹರಿಗೋಲು ಮಗುಚ್ತು, ನಿಮ್ಮ ಮಕ್ಕಳಲ್ಲಿ ಒಬ್ಬ ಸಿಕ್ಕಿದಾನೆ, ಒಬ್ಬ ಇಲ್ಲ ಅಂತ. ಯಾರು ಅಂದೆ. ಗೊತ್ತಿಲ್ಲ ಅಂದ. ಮುಸುಕಿಲ್ಲ ಮೆಟ್ಟಿಲ್ಲ, ಹಾಗೇ ಓಡ್ದೆ. ಇಲ್ಲಿಂದ ಓಣಿ ತಿರುವಿನವರೆಗೂ ದೇವರನ್ನ ಬೇಡ್ಕೊಂಡೇ ಓಡ್ದೆ. ಏನಂತ ಬೇಡ್ಕೊಂಡೆ ಗೊತ್ತಾ ನಿಂಗೆ?"

ಗುರ್ಜಿಗೆ ಗೊತ್ತಾಯಿತು. ಅವಳು ಹೇಳುವುದಕ್ಕೆ ಮೊದಲೇ ಗೊತ್ತಾಗಿ, ಹೇಳದಿರಲಿ ಅನ್ನಿಸಿತು.

"ಸಿಕ್ಕಿರೋನು ನಾಜಿ ಆಗಿರ್ಲಿ ಅಂತ."

ಆವತ್ತು ತಿರುವಿನಲ್ಲಿ ಜನ ಅವನನ್ನು ನಡೆಸಿಕೊಂಡು ಬರುತ್ತಿದ್ದರು. ಕೂದಲಿನಿಂದ ನೀರು ಇಳಿಯುತ್ತಿತ್ತು, ಒಂದು ಕಾಲಿನಲ್ಲಿ ಮೆಟ್ಟಿರಲಿಲ್ಲ. ತಾಯಿ ಓಡಿ ಬಂದವಳು ಅವನ ಮುಖ ನೋಡಿ, ಅವನ ಭುಜದ ಆಚೆ ನೋಡಿ, ಹಿಂದೆ ಬರುತ್ತಿದ್ದವರನ್ನು ಒಬ್ಬೊಬ್ಬರಾಗಿ ನೋಡಿದ್ದಳು. ಯಾವ ತಾಯಿಯಾದರೂ ಹಾಗೆಯೇ ನೋಡುತ್ತಾಳೆ, ಇನ್ನೊಬ್ಬ ಎಲ್ಲಿ ಎಂದು ಹುಡುಕುತ್ತಾಳೆ ಎಂದುಕೊಂಡಿದ್ದ. ಅವಳ ಮುಖದಲ್ಲಿ ಆಗ ಕುಸಿದದ್ದು ಏನೆಂದು ಈಗ ಕಂಡಿತು. ಸಿಟ್ಟು ಬರುತ್ತದೆ ಎಂದು ಕಾದ. ಬರಲಿಲ್ಲ. ಒಂದು ತಿಂಗಳಿನಿಂದ ಸಾಂತ್ವನ ಹೇಳಲು ಬಂದವರೆಲ್ಲ ಮೊಟ್ಟೆ, ಬೇಳೆ, ಗಾದೆ ತಂದಿದ್ದರು. ನಿಜ ಯಾರೂ ತಂದಿರಲಿಲ್ಲ. ಇದು ನಿಜ. ಅದು ಇಷ್ಟು ಕೆಟ್ಟದಾಗಿದ್ದರೂ ಅದರ ಮೇಲೆ ಕಾಲೂರಿ ನಿಲ್ಲಬಹುದಿತ್ತು. ಅವನು ತಾಯಿಯ ಎದುರಿಗೆ ನೆಲದ ಮೇಲೆ ಕೂತ.

"ಅವನು ಕೊನೇವನು," ಅವಳು ಹೇಳುತ್ತಿದ್ದಳು. "ಅವನಿಗಿಂತ ಮುಂಚೆ ಎರಡು ಕೂಸು ಹೋಗಿದ್ವು. ಉಳೀಲಿ ಅಂತ ನಾಜಿ ಅಂತ ಹೆಸರಿಟ್ಟೆ, ಪಾರಾದೋನು ಅಂತ. ನಿನ್ನ ಮೇಲೆ ಮಮತೆ ಇಲ್ಲ ಅಂತಲ್ಲ ಮಗಾ. ಆದ್ರೆ ಬಾಯಿಗೆ ಬಂದ ಹೆಸರು ಅವನದು. ದೇವರು ಕೇಳಿಸ್ಕೊಂಡ, ಕೇಳಿಸ್ಕೊಂಡು ನಿನ್ನ ಕೊಟ್ಟ. ಈಗ ನಾನು ಯಾವ ಬಾಯಲ್ಲಿ ಸ್ತೋತ್ರ ಹೇಳ್ಲಿ? ಹೇಳದೆ ಇದ್ರೆ, ಇವಳಿಗೆ ಬೇಡವಾಗಿದ್ದದ್ದು ಅಂತ ನಿನ್ನೂ ತಗೊಂಡು ಹೋದ್ರೆ? ರಾತ್ರಿಯೆಲ್ಲ ನೀನು ಉಸಿರಾಡೋದನ್ನ ಕೇಳ್ತಾ ಮಲಗಿರ್ತೀನಿ. ನೀನಾದ್ರೂ ಹೇಳಿಬಿಡು, ನನ್ನ ಪಾಲಿಂದೂ ಸೇರಿಸಿ."

"ನಾನು ಆಗ್ಲೇ ಹೇಳಿದೀನಿ ಅಮ್ಮ."

ಅವಳು ಮೊದಲ ಬಾರಿಗೆ ತಲೆ ಎತ್ತಿದಳು.

ಅವನು ಹೇಳಿದ. ಸರಪಳಿ, ಗಾಳಿ, ಆ ಐದು ಉಸಿರು. ಎಷ್ಟು ಸಂತೋಷವಾಯಿತು ಎಂಬುದನ್ನೂ ಹೇಳಿದ, ಬಚ್ಚಿಡಲಿಲ್ಲ. ಮದುವೆಯ ದಿನ ಆಗಿರಲಿಲ್ಲ, ಮಗಳು ಹುಟ್ಟಿದ ದಿನ ಆಗಿರಲಿಲ್ಲ, ಅಂಥದ್ದು. ತಮ್ಮನ ನೆನಪೇ ಇರಲಿಲ್ಲ ಎಂದ. ಹೇಳುವಾಗ ಅವಳ ಕೈ ನೋಡುತ್ತಿದ್ದ. ಉಗುರಿನ ಸಂದಿಯಲ್ಲಿ ಬೇಳೆಯ ಕೆಂಪು ಪುಡಿ ಅಂಟಿತ್ತು. ಈಗ ಈ ಕೈ ನನ್ನ ಕೆನ್ನೆಗೆ ಬೀಳುತ್ತದೆ, ಬೀಳಲಿ, ಬಿದ್ದರೆ ಮುಗಿಯುತ್ತದೆ ಎಂದುಕೊಂಡ.

"ಜೋರಾಗಿ ಹೇಳಿದ್ಯಾ?" ಖಾತೂನ್ ಕೇಳಿದಳು.

"ಹೂಂ. ಕೂಗಿದ್ದೆ."

"ಎಷ್ಟು ಜೋರಾಗಿ?"

"ಗಂಟಲು ಹರಿಯೋ ಹಾಗೆ. ಯಾಕಮ್ಮ?"

"ಅವನಿಗೆ ಕೇಳಿಸಿರಬಹುದಾ?"

ಗುರ್ಜಿ ಇದನ್ನು ಎಂದೂ ಯೋಚಿಸಿರಲಿಲ್ಲ, ಅಥವಾ ಯೋಚಿಸಲು ಬಿಟ್ಟಿರಲಿಲ್ಲ. "ಗೊತ್ತಿಲ್ಲ. ಕೇಳಿಸಿದ್ರೂ ಕೇಳಿಸಿರಬಹುದು."

"ಕೇಳಿಸಿದ್ರೆ ಒಳ್ಳೇದಾಯ್ತು," ಎಂದಳು ತಾಯಿ. "ಅಣ್ಣ ಬದುಕ್ದ ಅಂತ ಗೊತ್ತಾಗಿರುತ್ತೆ ಅವನಿಗೆ."

ಆಮೇಲೆ ಅವಳು ಅತ್ತಳು. ಮಣ್ಣು ಮಾಡಿದ ದಿನ ಬೀದಿಯ ಹೆಂಗಸರೆಲ್ಲ ಎದೆ ಬಡಿದುಕೊಂಡು ಹಾಡಿ ಅತ್ತಾಗ ಒಣಗಿ ಕೂತಿದ್ದವಳು ಈಗ ಬೇಳೆಯ ತಟ್ಟೆಯನ್ನು ತೊಡೆಯಿಂದ ಕೆಳಗಿಡಲೂ ಆಗದೆ ಅತ್ತಳು, ಬೇಳೆ ಅಂಗಳದ ತುಂಬ ಚೆಲ್ಲಿತು. ಗುರ್ಜಿ ಅವಳ ಮೆಟ್ಟನ್ನು ಕಾಲಿನಿಂದ ಬಿಡಿಸಿ ಪಕ್ಕಕ್ಕಿಟ್ಟ. ಬೇರೆ ಏನು ಮಾಡಬೇಕೆಂದು ಅವನಿಗೆ ತಿಳಿಯಲಿಲ್ಲ. ತುಫ್ಫಾಹಾ ಬಂದಾಗ ತಾಯಿ ಮಗ ಇಬ್ಬರೂ ನೆಲದ ಮೇಲೆ ಮಂಡಿಯೂರಿ ಬೇಳೆ ಹೆಕ್ಕುತ್ತಿದ್ದರು. ಅವಳು ಬಾಗಿಲಲ್ಲಿ ಒಂದು ಗಳಿಗೆ ನಿಂತು, ತಾನೂ ಬಗ್ಗಿದಳು.

ಶನಿವಾರ ಸಭಾಮಂದಿರ ತುಂಬಿತ್ತು. ಸಾಲಿಹ್ ಮುಖ ಗಂಟಿಕ್ಕಿಕೊಂಡು, "ಇವತ್ತು ಹೇಳ್ತೀಯೋ ಇಲ್ಲ ಮತ್ತೆ ಇಳಿದು ಓಡ್ತೀಯೋ, ಮೊದಲೇ ಹೇಳು" ಎಂದ. "ಹೇಳ್ತೀನಿ" ಎಂದ ಗುರ್ಜಿ. ಕಟ್ಟೆಯ ಮೇಲೆ ಅದೇ ಬಿಸಿಲು, ಕೆಳಗೆ ಅವೇ ಎತ್ತಿದ ಮುಖಗಳು, ಮುರಾದನ ದುಂಡು ಮುಖವೂ. ಓದು ಮುಗಿಯಿತು. ಗುರ್ಜಿ ಮರದ ಕಟಕಟೆಯನ್ನು ಎರಡೂ ಕೈಯಿಂದ ಹಿಡಿದುಕೊಂಡ. ನೀರಿನಲ್ಲಿ ಬಂದಿದ್ದ ಆ ಬೆಳಕು ಮತ್ತೆ ಬರುತ್ತದೇನೋ ಎಂದು ಅವನಿಗೆ ಆಸೆಯಿತ್ತು. ಬರುತ್ತದೇನೋ ಎಂದು ಹೆದರಿಕೆಯೂ ಇತ್ತು. ಬರಲಿಲ್ಲ. ಎದೆಯೊಳಗೆ ಒಂದು ಖಾಲಿ ಕೋಣೆ, ಅದರಲ್ಲಿ ನಾಜಿ ಇಲ್ಲ; ಅಷ್ಟೇ ಇತ್ತು. ತಪ್ಪಿತಸ್ಥರಿಗೂ ಒಳ್ಳೆಯದನ್ನು ಮಾಡುವವನೇ, ಎಂದು ಶುರುಮಾಡಿದ. ಅದು ಸಲೀಸಾಗಿ ಬಂತು, ತಪ್ಪಿತಸ್ಥ ಎಂಬ ಪದ ತನ್ನದೇ ಎಂಬಂತೆ. ನನಗೆ ಎಲ್ಲ ಒಳ್ಳೆಯದನ್ನೂ, ಎಂಬಲ್ಲಿ ನಿಲ್ಲಿಸಿದ.

ಎಲ್ಲ ಎಂಬುದು ಸುಳ್ಳು. ಆ ಪದವನ್ನು ಅವನು ನಂಬಲಿಲ್ಲ. ಸಾಲಿಹ್ ಗಡ್ಡ ಕೆರೆದುಕೊಳ್ಳುವುದನ್ನು ನಿಲ್ಲಿಸಿದ. ಗುರ್ಜಿ ಉಸಿರೆಳೆದುಕೊಂಡು ನಂಬದ ಆ ಪದವನ್ನು ಕೂಗಿದ. ಗಂಟಲು ಹರಿಯುವ ಹಾಗೆ ಕೂಗಿದ, ಸಭಾಮಂದಿರಕ್ಕೆ ಅದು ತೀರಾ ಹೆಚ್ಚಾಯಿತು, ಮುಂದಿನ ಸಾಲಿನ ಮುದುಕನೊಬ್ಬ ಬೆಚ್ಚಿದ, ಹೊರಗೆ ಓಣಿಯಲ್ಲಿ ಯಾರೋ ನಿಂತು ಒಳಗೆ ಇಣುಕಿದರು. ಆಮೇಲೆ ಎಲ್ಲರೂ ಒಟ್ಟಿಗೆ ಉತ್ತರ ಕೊಟ್ಟರು: ಆಮೆನ್, ನಿನಗೆ ಒಳ್ಳೆಯದನ್ನು ಮಾಡಿದವನು ಇನ್ನೂ ಒಳ್ಳೆಯದನ್ನೇ ಮಾಡಲಿ. ಹಾಖಾಮ್ ಶಿಮೋನರ ದನಿ ಮಾತ್ರ ಒಂದು ಪಕ್ಕದಿಂದ, ಸ್ವಲ್ಪ ತಡವಾಗಿ ಬಂತು.

ಗುರ್ಜಿ ಮಾಳಿಗೆಯ ಕಡೆ ನೋಡಿದ. ಹೆಂಗಸರೆಲ್ಲ ಆಮೆನ್ ಅಂದು ಖಾತೂನಳ ಕಡೆ ತಿರುಗಿದ್ದರು. ಅವಳು ಕಟಕಟೆಗೆ ಒರಗಿ, ಅಂಗೈಯಿಂದ ಬಾಯಿ ಮುಚ್ಚಿಕೊಂಡು ಮಗನನ್ನೇ ನೋಡುತ್ತಿದ್ದಳು. ಈ ಸಲ ಅವನ ಭುಜದ ಆಚೆಗಲ್ಲ.

ಪ್ರಾರ್ಥನೆ ಮುಗಿದ ಮೇಲೆ ಅವನು ಮೆಟ್ಟಿಲ ಬುಡದಲ್ಲಿ ಕಾದ. ಅವಳು ಗೋಡೆ ಹಿಡಿದು ಇಳಿಯುತ್ತಿದ್ದಳು. ಹಿಂದೆ ಸಾಲಿಹ್‌ನ ಹೆಂಡತಿ, ಯಾರ ಮನೆಯಲ್ಲಿ ಏನು ಬೆಂದಿತು ಎಂದು ಮೂಗಿನಲ್ಲೇ ಹೇಳಬಲ್ಲವಳು.

"ಏನು ಖಾತೂನ್, ಮಗ ಅಷ್ಟು ಚೆನ್ನಾಗಿ ಹೇಳ್ದ, ನೀನು ಆಮೆನ್ ಅನ್ನಲೇ ಇಲ್ಲವಲ್ಲ? ನಾನು ನೋಡ್ತಾನೇ ಇದ್ದೆ."

ಖಾತೂನ್ ಕೊನೆಯ ಮೆಟ್ಟಿಲಲ್ಲಿ ನಿಂತು ಉಸಿರು ತೆಗೆದುಕೊಂಡಳು.

"ಅವನದು ಮುಗೀತು," ಎಂದಳು. "ದೇವರ ಹತ್ರ ನನ್ನ ಜಗಳ ಇನ್ನೂ ಇದೆ."

ಮತ್ತೆ ಮಗನ ಕೈ ಹಿಡಿದು, ನಡಿ, ಅನ್ನ ಆರುತ್ತೆ, ಎಂದಳು.